ಮುಚ್ಚಳದ ರಂಧ್ರ

ಹುಲ್ಲುಹಾಸೆಂಬುದು ನಮ್ಮ ಲಗ್ಗೆರೆಯಲ್ಲಿ ದುರ್ಲಭವಾದ ವಸ್ತು. ಮನೆಗೆ ಮನೆ ತಾಗಿದ ಬೀದಿಗಳಲ್ಲಿ ತುಳಸಿಯ ಕುಂಡಕ್ಕೆ ಸ್ಥಳ ದೊರೆತರೆ ಅದೇ ಭಾಗ್ಯ. ಹೀಗಿರಲು, ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ ವಿಚಾರವನ್ನು ಈ ತಿಂಗಳು ಎತ್ತಿಕೊಂಡುದೇಕೆಂದು ವಾಚಕರು ಕೇಳಬಹುದು.

ನಮ್ಮ ನೆರೆಮನೆಯ ತೋಟಗಾರನು ತುಮಕೂರು ರಸ್ತೆಯ ಕಡೆಯ ಒಂದು ಕಲ್ಯಾಣಮಂಟಪದ ಹುಲ್ಲುಹಾಸನ್ನು ನೋಡಿಕೊಳ್ಳುತ್ತಾನೆ. ಆತನು ಒಂದು ಸಂಜೆ ಬಿಳಿಯ ಕಾಗದವನ್ನು ಹಿಡಿದು ಬಂದು, “ಮೇಷ್ಟ್ರೇ, ಒಂದು ತಪ್ಪೊಪ್ಪಿಗೆ ಬರ್ಕೊಡಿ” ಎಂದನು. ಯಂತ್ರವು ಪದೇ ಪದೇ ನಿಂತುಹೋಗುತ್ತಿದ್ದಿತಂತೆ. ನಿಂತಾಗಲೆಲ್ಲ ಇವನು ಟ್ಯಾಂಕಿನ ಮುಚ್ಚಳವನ್ನು ತೆಗೆದು ಬಗ್ಗಿ ನೋಡುತ್ತಿದ್ದುದನ್ನು ಯಜಮಾನರು ದೂರದಿಂದ ಕಂಡಿದ್ದರು. ಪೆಟ್ರೋಲನ್ನು ಕದ್ದು, ಅಳತೆ ತುಂಬಲು ಮತ್ತೇನನ್ನೋ ಬೆರಸುತ್ತಾನೆಂದು ಅವರ ತೀರ್ಮಾನ. ಎರಡು ದಿನದ ಕೂಲಿಯನ್ನು ಮುರಿದುಕೊಂಡು, ತಪ್ಪೊಪ್ಪಿ ಬರೆದುಕೊಟ್ಟರೆ ಮಾತ್ರ ಕೆಲಸವುಂಟೆಂದರು. “ನಾನು ಮುಟ್ಟಿಲ್ಲ ಮೇಷ್ಟ್ರೇ. ಆದ್ರೆ ಕೆಲಸ ಹೋದ್ರೆ ಮಗಳ ಫೀಜು ಎಲ್ಲಿಂದ ಕಟ್ಲಿ?” ಎಂದು ನೆಲವನ್ನು ನೋಡಿದನು.

ನಿಜವನ್ನು ಹೇಳಬೇಕಾದರೆ ನಮ್ಮ ಮನಸ್ಸಿನಲ್ಲಿಯೂ ಕ್ಷಣಕಾಲ ಸಂದೇಹ ಸುಳಿಯದೆ ಇರಲಿಲ್ಲ. ಆದರೂ ಕಾರಣವನ್ನು ತಿಳಿಯದೆ ಕಾರ್ಯವನ್ನು ಒಪ್ಪಿಕೊಳ್ಳುವ ಪತ್ರವನ್ನು ಬರೆಯಲು ಕೈ ಏಳಲಿಲ್ಲ. ಬೀದಿಯ ಕೊನೆಯಲ್ಲಿ ಸಣ್ಣ ಇಂಜಿನುಗಳನ್ನು ದುರಸ್ತಿ ಮಾಡುವ ತರುಣನಿರುವನು. ಅವನಲ್ಲಿಗೆ ಇಬ್ಬರೂ ಹೋದೆವು.

ಆ ತರುಣನು ಸ್ಪ್ಯಾನರನ್ನು ಮುಟ್ಟುವ ಮೊದಲು ಪ್ರಶ್ನೆಗಳನ್ನು ಕೇಳಿದುದು ನಮಗೆ ಬಹಳ ಹಿಡಿಸಿತು. “ಪಟ್ ಅಂತ ನಿಲ್ಲುತ್ತಾ, ಇಲ್ಲಾ ಎಳೆದೂ ಎಳೆದೂ ನಿಲ್ಲುತ್ತಾ?” ಎಂಬುದು ಮೊದಲನೆಯದು. ದೀಪವಾರಿದಂತೆ ಒಮ್ಮೆಲೇ ನಿಂತರೆ ದೋಷವು ಹೆಚ್ಚಾಗಿ ವಿದ್ಯುತ್ತಿನದು: ಸಡಿಲವಾದ ತಂತಿ, ಅಥವಾ ಆಸನದ ಕೆಳಗಿನ ಸ್ವಿಚ್ಚು. ಕುಳಿತವನು ಎದ್ದರೆ ಇಂಜಿನು ತಾನೇ ನಿಲ್ಲಲೆಂದು ಅದನ್ನು ಇಟ್ಟಿರುತ್ತಾರೆ. ಅದು ಕೆಟ್ಟರೆ ಹಳ್ಳದಿಣ್ಣೆಯಲ್ಲಿ ಕುಲುಕಿದಾಗಲೂ ನಿಲ್ಲಿಸುವುದುಂಟು. ಅದನ್ನು ಕಟ್ಟಿಹಾಕಿ ಓಡಿಸುವವರಿದ್ದಾರೆ. ಕೆಳಗೆ ತಿರುಗುತ್ತಿರುವುದು ಅಲಗೆಂಬುದನ್ನು ಅವರು ಮರೆತಿರುತ್ತಾರೆ. ಉಸಿರು ಕಟ್ಟಿದಂತೆ ತಡವರಿಸಿ ನಿಂತರೆ ಪೆಟ್ರೋಲಿನ ದಾರಿಯನ್ನು ನೋಡಬೇಕು. ಒದ್ದೆ ಹುಲ್ಲು ಅಲಗಿನ ಸುತ್ತ ಮೆತ್ತಿಕೊಂಡಿದ್ದರೂ, ಗಾಳಿಯ ಫಿಲ್ಟರು ಧೂಳಿನಿಂದ ಮುಚ್ಚಿದ್ದರೂ ಇಂಜಿನು ಏದುಸಿರು ಬಿಡುವುದು. ತೋಟಗಾರನು ಅವೆರಡನ್ನೂ ಪ್ರತಿದಿನವೂ ಶುಚಿ ಮಾಡುತ್ತಿದ್ದನು.

“ಎಳೆದೂ ಎಳೆದೂ ನಿಲ್ಲುತ್ತೆ. ಇಪ್ಪತ್ತು ನಿಮಿಷ ಓಡುತ್ತೆ, ಆಮೇಲೆ ಸುಧಾರಿಸಿಕೊಂಡು ಮತ್ತೆ ಹೊರಡುತ್ತೆ” ಎಂದನು ತೋಟಗಾರ. ವಿಶ್ರಾಂತಿಯಿಂದ ಗುಣವಾಗುತ್ತದೆಂದು ಅವನ ನಂಬಿಕೆ. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವನ್ನು ಕಲ್ಪಿಸುವ ಕಾಕತಾಲೀಯವು ನಮಗೆ ನೆನಪಾಯಿತು. ಆದರೆ ತರುಣನು ಆ ನಂಬಿಕೆಯನ್ನು ಒಮ್ಮೆಲೇ ತಳ್ಳಿಹಾಕಲಿಲ್ಲ. ಕಿಡಿಯನ್ನು ಹುಟ್ಟಿಸುವ ಕಾಯಿಲು ಕಾದು ಸೋತು, ತಣಿದ ಮೇಲೆ ಚೇತರಿಸಿಕೊಳ್ಳುವುದುಂಟಂತೆ. ಮುಚ್ಚಳದ ರಂಧ್ರವು ಮುಚ್ಚಿಹೋಗಿದ್ದರೂ ಲಕ್ಷಣವು ಇದೇ.

ಈ ರಂಧ್ರದ ಮಾತನ್ನು ಗೃಹಿಣಿಯರಿಗೆ ವಿವರಿಸಬೇಕಾದುದಿಲ್ಲ. ಎಣ್ಣೆಯ ಡಬ್ಬಕ್ಕೆ ಒಂದೇ ತೂತನ್ನು ಹೊಡೆದರೆ ಎಣ್ಣೆಯು ಗಳಗಳನೆ ಮಿಡುಕಿ ನಿಲ್ಲುವುದು. ಎದುರು ಮೂಲೆಯಲ್ಲಿ ಇನ್ನೊಂದನ್ನು ಹೊಡೆದರೆ ಸರಾಗವಾಗಿ ಹರಿಯುವುದು. ಹೊರಹೋದ ಎಣ್ಣೆಯ ಸ್ಥಳಕ್ಕೆ ಗಾಳಿಯು ಬರಬೇಕಷ್ಟೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಅದಕ್ಕಾಗಿಯೇ ಸೂಕ್ಷ್ಮವಾದ ದಾರಿಯಿರುತ್ತದೆ. ಅದು ಮುಚ್ಚಿದರೆ ಒಳಗಣ ಒತ್ತಡವು ಕುಗ್ಗಿ, ಟ್ಯಾಂಕು ತುಂಬಿದ್ದರೂ ಪೆಟ್ರೋಲು ಇಂಜಿನಿಗೆ ಇಳಿಯದು.

ಎರಡು ಕಾರಣಗಳಿಗೆ ಒಂದೇ ಲಕ್ಷಣವಿದ್ದರೆ ನಿರ್ಣಯವು ಹೇಗೆ? ನಮ್ಮ ಶಾಸ್ತ್ರಕಾರರು ಇದಕ್ಕೆ ಅನ್ವಯ-ವ್ಯತಿರೇಕಗಳನ್ನು ಹೇಳಿದ್ದಾರೆ: ಇದಿದ್ದರೆ ಅದು ಇರಬೇಕು, ಇದಿಲ್ಲದಿದ್ದರೆ ಅದೂ ಇರಬಾರದು. ತರ್ಕದ ಹೆಸರನ್ನೂ ಕೇಳದ ಆ ತರುಣನು, ಭಾನುವಾರ ಯಜಮಾನರ ಅನುಮತಿಯನ್ನು ಪಡೆದು, ನಮ್ಮೆದುರಿಗೆ ಅದನ್ನೇ ಮಾಡಿ ತೋರಿಸಿದನು. ಟ್ಯಾಂಕನ್ನು ತುಂಬಿ ಮುಚ್ಚಳವನ್ನು ಬಿಗಿದು ಓಡಿಸಲಾಗಿ, ಹದಿನೆಂಟನೆಯ ನಿಮಿಷದಲ್ಲಿ ಯಂತ್ರವು ನಿಂತಿತು. ಕೂಡಲೇ ಪ್ಲಗ್ಗನ್ನು ಪರೀಕ್ಷಿಸಿದನು. ಕಿಡಿಯು ಚೆನ್ನಾಗಿಯೇ ಇದ್ದಿತು. ಪ್ಲಗ್ಗನ್ನು ತಿರುಗಿ ಜೋಡಿಸಿ ಮುಚ್ಚಳವನ್ನು ತಿರುವಿದಾಗ ಸುಯ್ಯೆಂದು ಗಾಳಿಯು ಒಳನುಗ್ಗಿದ ಶಬ್ದವು ನಮಗೂ ಕೇಳಿಸಿತು. ಇಂಜಿನಿನ್ನೂ ಬಿಸಿಯಾಗಿರುವಾಗಲೇ ಹೊರಟಿತು! ಸಮನೆಲದಲ್ಲಿ, ಪರೀಕ್ಷೆಗೆಂದು ಮಾತ್ರ, ಮುಚ್ಚಳವನ್ನು ತುಸು ಸಡಿಲಬಿಟ್ಟು ಮೆಲ್ಲಗೆ ಓಡಿಸಲು ನಾಲ್ವತ್ತು ನಿಮಿಷ ನಿಲ್ಲಲಿಲ್ಲ. ಮತ್ತೆ ಬಿಗಿದರೆ ಮತ್ತೆ ನಿಂತಿತು.

ಬೆಳಕಿಗೆ ಹಿಡಿದು ನೋಡಿದರೆ ಆ ದಾರಿಯಲ್ಲಿ ಹುಲ್ಲಿನ ಧೂಳೂ ಮಣ್ಣೂ ಕಲೆತು ಗಟ್ಟಿಯಾಗಿದ್ದವು. ತೋಟಗಾರನು ಮುಚ್ಚಳವನ್ನು ತೆಗೆಯುತ್ತಿದ್ದುದೇ ಚಿಕಿತ್ಸೆಯಾಗಿದ್ದಿತು. ಅದನ್ನೇ ಯಜಮಾನರು ಕಳ್ಳತನದ ಸಾಕ್ಷ್ಯವೆಂದು ಹಿಡಿದಿದ್ದರು.

ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತನು 1830ರಲ್ಲಿ ಪೇಟೆಂಟ್ ಪಡೆದನು. ಮುಂದೆ ದೊಡ್ಡ ಯಂತ್ರಗಳನ್ನು ಕುದುರೆಗಳು ಎಳೆದವು. ಗೊರಸು ಹುಲ್ಲನ್ನು ಕೆಡಿಸದಿರಲೆಂದು ಅವುಗಳಿಗೆ ಚರ್ಮದ ಪಾದರಕ್ಷೆಗಳನ್ನು ತೊಡಿಸುತ್ತಿದ್ದರಂತೆ. ಕುದುರೆಯು ನಿಂತರೆ ಯಾರೂ ಸವಾರನ ಮೇಲೆ ಕಳವನ್ನು ಹೊರಿಸುತ್ತಿರಲಿಲ್ಲ.

“ಏನನ್ನೋ ಬೆರಸುತ್ತಾನೆ” ಎಂಬ ಆಕ್ಷೇಪಕ್ಕೂ ಒಂದು ಮಾತು. ಇಪ್ಪತ್ತು ಭಾಗ ಎಥನಾಲ್ ಕೂಡಿದ ಪೆಟ್ರೋಲಿನ ಮಾರಾಟವು 2023ನೆಯ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಉದ್ಘಾಟಿತವಾಯಿತು. ಎಥನಾಲು ನೀರನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಿದರೆ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಸಣ್ಣ ಇಂಜಿನುಗಳ ತಯಾರಕರಲ್ಲಿ ಅನೇಕರು ಹತ್ತು ಭಾಗಕ್ಕಿಂತ ಹೆಚ್ಚು ಬೇಡವೆನ್ನುತ್ತಾರೆ. ಆದುದರಿಂದ ಮನೆಯಲ್ಲಿ ಜನರೇಟರನ್ನೋ ಹುಲ್ಲಿನ ಯಂತ್ರವನ್ನೋ ಇಟ್ಟವರು ಅದರ ಕೈಪಿಡಿಯನ್ನು ನೋಡಬೇಕು. ತಿಂಗಳುಗಟ್ಟಲೆ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಡಬಾರದು. ಅಲಗನ್ನು ಮುಟ್ಟುವ ಮುನ್ನ ಪ್ಲಗ್ಗಿನ ತಂತಿಯನ್ನು ಕಳಚಬೇಕೆಂಬುದನ್ನಂತೂ ಮರೆಯತಕ್ಕದ್ದಲ್ಲ.

ಹೊಸ ಮುಚ್ಚಳವನ್ನು ಹಾಕಿಸಿದುದಾಯಿತು. ಬಿಳಿಯ ಕಾಗದದ ಮೇಲೆ ನಾವು ಪತ್ರವನ್ನು ಬರೆದೆವು. ತಪ್ಪೊಪ್ಪಿಗೆಯನ್ನಲ್ಲ, ನಡೆದ ಪರೀಕ್ಷೆಯ ವಿವರವನ್ನು, ನಿಮಿಷಗಳ ಲೆಕ್ಕದೊಡನೆ. ಹಳೆಯ ಮುಚ್ಚಳವನ್ನೂ ಪೊಟ್ಟಣ ಕಟ್ಟಿ ಜೊತೆಗಿಟ್ಟೆವು. ಮುರಿದುಕೊಂಡಿದ್ದ ಎರಡು ದಿನದ ಕೂಲಿಯು ಬಂದಿದೆ. ಯಜಮಾನರಿಂದ ಒಂದು ಮಾತು ಬರುವುದೆಂದು ತೋಟಗಾರನು ಕಾದಿದ್ದನು; ಅದು ಈವರೆಗೆ ಬಂದಿಲ್ಲ.