ಹಣೆಬರಹವಲ್ಲ, ಹೊಣೆಗೇಡಿತನ

ದೀಪಾಂಜಲಿ ನಗರದ ಕಾರ್ಮಿಕ ಬಂಧುಗಳೇ, ಅಂಗಡಿಕಾರ ಮಿತ್ರರೇ,

ನಮ್ಮ ಪಾಳಿ ಮುಗಿಯುವ ಹೊತ್ತಿಗೆ ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ಮುಚ್ಚಿರುತ್ತದೆ; ವೈದ್ಯಕೀಯ ಓದದ 'ಡಾಕ್ಟರ'ನ ಬಾಗಿಲು ಮಾತ್ರ ತೆರೆದಿರುತ್ತದೆ. ಸೂಜಿ ಚುಚ್ಚಿ ಹಣ ಎಣಿಸಿಕೊಳ್ಳುತ್ತಾನೆ. ರೋಗಿ ಸತ್ತರೆ? ಹಣೆಬರಹ ಎನ್ನುತ್ತಾನೆ.

ಅಲ್ಲ, ಹೊಣೆ ಅವನದು. ಮುಂಬಯಿಯಲ್ಲಿ ಹೋಮಿಯೋಪತಿ ಓದಿದವನೊಬ್ಬ ಅಲೋಪತಿ ಔಷಧಿ ಕೊಟ್ಟ; 1992ರಲ್ಲಿ ರೋಗಿ ತೀರಿಕೊಂಡ. ಓದದ ಪದ್ಧತಿಗೆ ಕೈಹಾಕಿದ್ದೇ ನಿರ್ಲಕ್ಷ್ಯ, ಬೇರೆ ರುಜುವಾತು ಬೇಡ ಎಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, ವಿಧವೆಗೆ 3 ಲಕ್ಷ ರೂಪಾಯಿ ಕೊಡಿಸಿತು.

ಅದು ಗ್ರಾಹಕರ ದೂರು. ನಾವೂ ವಕೀಲರಿಲ್ಲದೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ತೆತ್ತ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಆದರೆ ಹಣ ತೆತ್ತದ್ದಕ್ಕೆ ಸಾಕ್ಷಿ ಬೇಕು. ಅದಕ್ಕೇ ಆತ ರಸೀದಿ ಕೊಡುವುದಿಲ್ಲ! ಇಂದಿನಿಂದ ರಸೀದಿ ಕೇಳೋಣ; ಕೊಡದವನಿಗೆ ಕಾಸು ಕೊಡಕೂಡದು.

ಸರಕಾರವನ್ನೂ ಬಿಡೆವು. ನೋಂದಣಿಯಿಲ್ಲದೆ ಕ್ಲಿನಿಕ್ ನಡೆಸಕೂಡದೆಂದು 2007ರ ರಾಜ್ಯ ಕಾಯ್ದೆಯೇ ಹೇಳುತ್ತದೆ. ಅದನ್ನು ಜಾರಿಮಾಡಲಿ. ಬಡಾವಣೆಗೊಂದು ಸಂಜೆ ಚಿಕಿತ್ಸಾಲಯ ತೆರೆಯಲಿ. ನಿಜವಾದ ವೈದ್ಯ ಸಿಕ್ಕರೆ ಸುಳ್ಳು ವೈದ್ಯನ ಬಾಗಿಲಿಗೆ ಯಾರು ಹೋದಾರು?