ನಮ್ಮ ಜುಟ್ಟು, ನಿಮ್ಮ ಜುಟ್ಟು

ಹಾಸ್ಟೆಲ್‌ನಲ್ಲಿ ಮುಳಬಾಗಿಲು ಕಡೆಯ ಗೆಳೆಯನೊಬ್ಬ "ಜುಟ್ಟು ಕಟ್ ಮಾಡಿಸ್ಕೊಂಡ್ ಬರ್ತೀನಿ ಕಣ್ರೋ" ಅಂದ. ಇಡೀ ರೂಮು ಬಿದ್ದು ಬಿದ್ದು ನಕ್ಕಿತು. "ನಿಂಗೆ ಜುಟ್ಟು ಯಾವಾಗ ಬಂತೋ?" ಅಂತ ಒಬ್ಬ ರೇಗಿಸಿದ. ನಕ್ಕವರಲ್ಲಿ ಕೋಲಾರ, ಮಾಲೂರು, ಶ್ರೀನಿವಾಸಪುರದ ನಾವೂ ಇದ್ದೆವು. ನಮ್ಮ ಮನೆಗಳಲ್ಲೂ ಹಾಗೇ ಮಾತಾಡ್ತಾರೆ. ಆದರೂ ನಕ್ಕೆವು.

ಅವನು ತಪ್ಪೇನೂ ಹೇಳಿರಲಿಲ್ಲ. ತೆಲುಗಿನಲ್ಲಿ ಜುಟ್ಟು ಅಂದರೆ ತಲೆಕೂದಲು. ಕನ್ನಡದಲ್ಲಿ ಗಂಟು ಹಾಕಲು ಬಿಟ್ಟಷ್ಟು ಕೂದಲು ಮಾತ್ರ ಜುಟ್ಟು. ಆಂಧ್ರ, ತಮಿಳುನಾಡಿನ ಗಡಿಗೆ ಅಂಟಿಕೊಂಡ ನಮ್ಮ ಜಿಲ್ಲೆಯಲ್ಲಿ ಎರಡು ಅರ್ಥವೂ ಒಂದೇ ಬಾಯಲ್ಲಿ ಇರುತ್ತವೆ. ಪೀಚು ಅನ್ನೋ ಮಾತು ತಗೊಳ್ಳಿ. ತೆಲುಗಿನಲ್ಲಿ ಅದು ನಾರು, ಕನ್ನಡದಲ್ಲಿ ಬಲಿಯದ ಕಾಯಿ. ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಯಾರಾದರೂ "ಪೀಚು" ಅಂದರೆ ಕಾಯಿ ಇನ್ನೂ ಎಳೆಯದೋ, ಹಣ್ಣಲ್ಲಿ ನಾರು ಜಾಸ್ತಿಯೋ ಅಂತ ಹೇಳಿದವರ ಮುಖ ನೋಡಿ ತಿಳ್ಕೋಬೇಕು!

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಫೆದರ್, ಫೈಬರ್ ಎರಡೇ ಸಾಕಾಗಿಬಿಟ್ಟಿವೆ. ಕನ್ನಡದಲ್ಲಿ ಗರಿ ನವಿಲಿನದೂ ಹೌದು, ತೆಂಗಿನದೂ ಹೌದು. ಪುಕ್ಕ ಮಾತ್ರ ಹಕ್ಕಿಯದು. ಜುಟ್ಟು ಮನುಷ್ಯನಿಗೆ, ಪಿಕಳಾರ ಹಕ್ಕಿಗೆ, ತೆಂಗಿನಕಾಯಿಗೆ ಮೂರಕ್ಕೂ ಇದೆ. "ದೇವರ ಕಾಯಿ ಕಣೋ, ಜುಟ್ಟು ಬಿಟ್ಟು ಸುಲಿ" ಅಂತ ಅಜ್ಜಿ ಹೇಳಿದರೆ ಎಷ್ಟು ನಾರು ಕೀಳಬೇಕು, ಎಷ್ಟು ಉಳಿಸಬೇಕು ಅನ್ನೋದೆಲ್ಲ ಆ ಒಂದು ಮಾತಲ್ಲೇ ಬಂತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತು ಅನ್ನೋ ಗಾದೆ ನಮಗೆ ಗೊತ್ತು. ಆದರೆ ಬಾಳೆನಾರಲ್ಲಿ ಹೂ ಕಟ್ಟಿದವರು ನಮ್ಮಲ್ಲಿ ಎಷ್ಟು ಜನ?

ಎಲ್ಲರಿಗೂ ಅರ್ಥವಾಗುವ ಒಂದು ಕನ್ನಡ ಬೇಕಲ್ವಾ ಅಂತ ಕೆಲವರು ಕೇಳ್ತಾರೆ. ಬೇಕು. ಪರೀಕ್ಷೆಯಲ್ಲಿ, ವರದಿಯಲ್ಲಿ ಅದನ್ನೇ ಬರೆಯೋಣ. ಆದರೆ ರೂಮಿನಲ್ಲಿ ನಕ್ಕು ತಿದ್ದಿದರೆ ಏನಾಗುತ್ತೆ? ಆ ಗೆಳೆಯ ಮುಂದಿನ ತಿಂಗಳು "ಹೇರ್ ಕಟ್" ಅಂದ. ಯಾರೂ ನಗಲಿಲ್ಲ. ನಮ್ಮ ನಗುವಿನಿಂದ ಅವನ ಕನ್ನಡ ಸುಧಾರಿಸಲಿಲ್ಲ, ಅವನು ಇಂಗ್ಲಿಷಿಗೆ ಹೋದ ಅಷ್ಟೇ.

ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಅವರಿಗೆ ಬಂದದ್ದು ಕನ್ನಡಕ್ಕಾಗಿ. ಮನೆಯಲ್ಲಿ ಇನ್ನೊಂದು ಭಾಷೆ ಇದ್ದರೆ ಕನ್ನಡ ಕೆಡುತ್ತೆ ಅನ್ನೋರಿಗೆ ನಮ್ಮ ಜಿಲ್ಲೆ ಕೊಡುವ ಉತ್ತರ ಇದು.

ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ಅಲರ್ ನಿಘಂಟು 2019ರಲ್ಲಿ ಆನ್‌ಲೈನ್‌ನಲ್ಲಿ ಎಲ್ಲರಿಗೂ ಮುಕ್ತವಾಯಿತು. ಅಷ್ಟು ದೊಡ್ಡ ಕೆಲಸ ನಮ್ಮಿಂದ ಆಗದು. ಆದರೆ ನಮ್ಮ ಸಂಘ ಒಂದು ಗೂಗಲ್ ಶೀಟ್ ತೆರೆಯಬಹುದು: ಪದ, ಊರು, ಅರ್ಥ, ಮನೆಯಲ್ಲಿ ಯಾರು ಹೇಳ್ತಾರೆ. ಇಷ್ಟು ನಾಲ್ಕು ಕಾಲಂ ಸಾಕು. ಈ ಸಲ ರಜೆಗೆ ಊರಿಗೆ ಹೋದಾಗ ತಲಾ ಹತ್ತು ಪದ ತರೋಣ.

ಮೊದಲ ಸಾಲು ಆ ಗೆಳೆಯನದು. ಜುಟ್ಟು, ಮುಳಬಾಗಿಲು, ತಲೆಕೂದಲು. ಅವನ ಹತ್ತಿರ ಸಾರಿ ಕೇಳಿಯೇ ಬರೀತೀವಿ.