ಆಸ್ಪತ್ರೆಯ ಮಂಚಕ್ಕೆ ಐದು ಲಕ್ಷ, ಮನೆಯ ಬಾಗಿಲಿಗೆ ಎಷ್ಟು?

ಹಿಂದಿನ ಒಂದು ಆಷಾಢದ ಸಂಜೆ. ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಬೇಲೆಕೇರಿ ಬಂದರಿನ ಕಡೆಯ ಕೇರಿಯಿಂದ ಆಶಾ ಕಾರ್ಯಕರ್ತೆಯೊಬ್ಬರು ಕೊಡೆ ಮಡಚುತ್ತ ನನ್ನ ದವಾಖಾನೆಯೊಳಗೆ ಬಂದರು. ತಮಗೆ ಮೈ ಸರಿಯಿಲ್ಲವೆಂದು ಬಂದವರಲ್ಲ. "ಡಾಕ್ಟ್ರೇ, ಆ ಮನೆಯವರು ಬಿಪಿ ಗುಳಿಗೆ ಬಿಟ್ಟು ಎರಡು ತಿಂಗಳಾಯ್ತು. ನಾನು ಮೂರು ಸಲ ಹೋಗಿ ಹೇಳಿದೆ. ನನ್ನ ಮಾತು ಕೇಳುವುದಿಲ್ಲ. ನೀವೊಂದು ಮಾತು ಹೇಳಿ" ಎಂದರು.

ಆ ಮನೆಯ ಯಜಮಾನರಿಗೆ ಐವತ್ತೆಂಟು ವಯಸ್ಸು, ದೋಣಿಯಲ್ಲಿ ದುಡಿಯುವವರು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದಷ್ಟೆ, ಕೈಯಲ್ಲಿ ಕಾಸಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ಹಾಗಾಗಿ ಬಿಪಿಯೂ ಇಲ್ಲವೆಂಬುದು ಅವರ ಲೆಕ್ಕ. ನಮ್ಮ ಕಡೆ ಈ ಲೆಕ್ಕ ಹಾಕುವವರು ಅವರೊಬ್ಬರೇ ಅಲ್ಲ. ಅದರ ಮೇಲೆ ಮಳೆಗಾಲ ಬಂತೆಂದರೆ ಹಸಿ ಮೀನಿನ ಜಾಗಕ್ಕೆ ಉಪ್ಪು ಹಾಕಿದ ಒಣಮೀನು, ಉಪ್ಪಿನಕಾಯಿ. 1930ರಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದ ಅಂಕೋಲೆಯ ಜನರಿಗೆ ಉಪ್ಪು ಕಡಿಮೆ ಮಾಡಿರೆಂದು ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ, ಏನು ಮಾಡುವುದು!

"ಅವರು ಈ ಕಡೆ ಬಂದಾಗ ಹೇಳುತ್ತೇನೆ" ಎಂದೆ. ಅವರು ಬರಲಿಲ್ಲ. ಅವರ ಮನೆ ನನ್ನ ದವಾಖಾನೆಯಿಂದ ಹತ್ತು ನಿಮಿಷದ ದಾರಿ. ನಾನೂ ಹೋಗಲಿಲ್ಲ. ಮೂರನೆಯ ವಾರದ ಒಂದು ಬೆಳಗಿನ ಜಾವ ಅವರ ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಮೊದಲು ಕಾರವಾರಕ್ಕೆ, ಅಲ್ಲಿಂದ ದೂರದ ಇನ್ನೊಂದು ಆಸ್ಪತ್ರೆಗೆ ಒಯ್ದರು. ಹನ್ನೊಂದು ದಿನ ಅಲ್ಲಿದ್ದರು. ಸರ್ಕಾರದ ಆರೋಗ್ಯ ಕಾರ್ಡ್ ಇತ್ತು. ಚಿಕಿತ್ಸೆಗೆ ಮನೆಯವರು ದುಡ್ಡು ಕೊಡಬೇಕಾಗಿ ಬರಲಿಲ್ಲ. ಆ ಕಾರ್ಡಿನ ಉಪಕಾರವನ್ನು ನಾನು ಕಡೆಗಣಿಸುವವನಲ್ಲ. ಅದಿಲ್ಲದಿದ್ದರೆ ಆ ಕುಟುಂಬದ ಮನೆಯೋ ಬಂಗಾರವೋ ಸಾಲಕ್ಕೆ ಹೋಗುತ್ತಿತ್ತು.

ಆದರೆ ಇದರ ಲೆಕ್ಕವನ್ನು ಒಮ್ಮೆ ನೋಡಿ. ಪಾರ್ಶ್ವವಾಯು ಬಂದ ಮೇಲಿನ ಹನ್ನೊಂದು ದಿನಗಳಿಗೆ ಸಾವಿರಾರು ರೂಪಾಯಿ ಕೊಡುವ ವಿಮೆ, ಅದು ಬಾರದಂತೆ ತಡೆಯಲು ಮಳೆಯಲ್ಲಿ ಮೂರು ಸಲ ನಡೆದುಹೋದ ಹೆಣ್ಣುಮಗಳಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಕೊಡಲು ಅದರಲ್ಲಿ ದಾರಿಯೇ ಇಲ್ಲ.

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಆರೋಗ್ಯ ವಿಮೆ ಹೊಸದಲ್ಲ. ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಯಶಸ್ವಿನಿ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಆರಂಭವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಸೇರಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ಹೆಸರುಗಳು ಬದಲಾದವು, ಮೊತ್ತ ಏರಿತು. ಬದಲಾಗದೆ ಉಳಿದದ್ದು ಒಂದು ಮಾತು: ರೋಗಿ ಆಸ್ಪತ್ರೆಯ ಮಂಚದ ಮೇಲೆ ಮಲಗಬೇಕು. ಮಲಗಿದರೆ ಪ್ಯಾಕೇಜ್ ಉಂಟು. ಕುಳಿತಿದ್ದರೆ, ನಡೆಯುತ್ತಿದ್ದರೆ, ಮನೆಯಲ್ಲಿದ್ದರೆ ಬಹುಮಟ್ಟಿಗೆ ಏನೂ ಇಲ್ಲ.

ಇನ್ನು ಆಶಾ ಕಾರ್ಯಕರ್ತೆಯರ ಗಳಿಕೆಯನ್ನು ನೋಡೋಣ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಸಾವಿರ ಜನಕ್ಕೊಬ್ಬರಂತೆ ಇವರನ್ನು ಆರಿಸಿದಾಗ ಕಾಗದದಲ್ಲಿ ಬರೆದ ಪದ 'ಸ್ವಯಂಸೇವಕಿ'. ಸಂಬಳವಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ನವಜಾತ ಶಿಶುವಿನ ಮನೆಭೇಟಿಯನ್ನೇ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ, ಹೀಗೆ ಆರು ಸಲ ಮನೆಗೆ ಹೋಗಬೇಕು. ಮಗುವನ್ನು ತೂಗಬೇಕು, ಮೈ ಬಿಸಿ ನೋಡಬೇಕು, ಹೊಕ್ಕುಳು ನೋಡಬೇಕು, ಹಾಲು ಕುಡಿಯುತ್ತಿದೆಯೇ ಎಂದು ಕುಳಿತು ಗಮನಿಸಬೇಕು. ಆರಕ್ಕೂ ಸೇರಿ 250 ರೂಪಾಯಿ. ಒಂದು ಭೇಟಿಗೆ 42 ರೂಪಾಯಿಗೂ ಕಡಿಮೆ. ಕರ್ನಾಟಕದಲ್ಲಿ ಇದರ ಜೊತೆ ತಿಂಗಳ ಗೌರವಧನ ಸೇರಿತು ನಿಜ. ಆದರೆ ಇಂತಹ ಕೆಲಸದ ದರ ಮಾತ್ರ ಈ ಬಗೆಯದು.

ಆ 250 ರೂಪಾಯಿಗೂ ಷರತ್ತುಗಳಿವೆ. ಹುಟ್ಟಿದಾಗಿನ ತೂಕ ದಾಖಲಾಗಿರಬೇಕು, ಲಸಿಕೆ ಹಾಕಿಸಿರಬೇಕು, ಜನನ ನೋಂದಣಿ ಆಗಿರಬೇಕು, 42ನೆಯ ದಿನದವರೆಗೆ ತಾಯಿ ಮಗು ಕ್ಷೇಮವಾಗಿರಬೇಕು. ಕೊನೆಯ ಷರತ್ತನ್ನು ಇನ್ನೊಮ್ಮೆ ಓದಿ. ನನ್ನ ಕೈಯಲ್ಲಿ ರೋಗಿ ತೀರಿಕೊಂಡರೆ ನನ್ನ ಶುಲ್ಕ ಹೋಗುವುದಿಲ್ಲ, ಆಸ್ಪತ್ರೆಯ ಪ್ಯಾಕೇಜ್ ಹಣವೂ ಪೂರ್ತಿ ಹೋಗಿಬಿಡುವುದಿಲ್ಲ. ವೈದ್ಯನಿಗೆ ಇಲ್ಲದ ನಿಯಮ ಇವರಿಗೇಕೆ?

ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ಗುಳಿಗೆ ತಪ್ಪದಂತೆ ಹಿಂಬಾಲಿಸುವ ಕೆಲಸಕ್ಕೆ ಕೇಂದ್ರದ ಮಾರ್ಗಸೂಚಿಯಲ್ಲಿ ಆರು ತಿಂಗಳಿಗೆ ಒಬ್ಬ ರೋಗಿಗೆ 50 ರೂಪಾಯಿ. ತಿಂಗಳಿಗೆ ಎಂಟು ರೂಪಾಯಿ ಚಿಲ್ಲರೆ. ಒಂದು ಲೋಟ ಚಹಾ ಕೂಡ ಈಗ ಅದಕ್ಕೆ ಸಿಗುವುದಿಲ್ಲ.

ಇದೆಲ್ಲ ಸಣ್ಣ ಕೆಲಸವಲ್ಲವೇ, ಇದರಿಂದ ಏನಾದೀತು ಎಂದು ಕೇಳುವವರಿದ್ದಾರೆ. ನಾನೂ ಒಂದು ಕಾಲಕ್ಕೆ ಹಾಗೆಯೇ ಅಂದುಕೊಂಡಿದ್ದವನು. ಎಂ.ಬಿ.ಬಿ.ಎಸ್. ಮುಗಿಸಿ ಬಂದ ಹೊಸದರಲ್ಲಿ, ನಾಲ್ಕಕ್ಷರ ಕಲಿತ ಹೆಂಗಸರಿಗೆ ಶಿಶು ಆರೈಕೆ ಏನು ತಿಳಿದೀತು ಎಂದು ಮೂಗು ಮುರಿಯುತ್ತಿದ್ದೆ. ಆ ಅಹಂಕಾರವನ್ನು ಇಳಿಸಿದ್ದು ಮಹಾರಾಷ್ಟ್ರದ ಗಡಚಿರೋಲಿ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅಲ್ಲಿಯ 39 ಹಳ್ಳಿಗಳಲ್ಲಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ನವಜಾತ ಶಿಶುಗಳನ್ನು ಮನೆಯಲ್ಲಿಯೇ ನೋಡಿಕೊಳ್ಳುವಂತೆ ಮಾಡಿದರು. ನವಜಾತ ಶಿಶುಗಳ ಮರಣ ಶೇ. 62ರಷ್ಟು ಇಳಿಯಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇಂದು ನಮ್ಮ ಆಶಾ ಮಾಡುವ ಆರು ಭೇಟಿಗಳ ಮೂಲ ಅಲ್ಲಿದೆ. ಒಂದು ಔಷಧಿ ಇಷ್ಟು ಫಲ ಕೊಟ್ಟಿದ್ದರೆ ಅದನ್ನು ತಯಾರಿಸಿದ ಕಂಪನಿ ಯಾವ ಬೆಲೆ ಕೇಳುತ್ತಿತ್ತೆಂಬುದನ್ನು ನೀವೇ ಊಹಿಸಿ.

ಬೇರೆ ದೇಶಗಳಲ್ಲಿ ಈ ಬಗ್ಗೆ ಏನು ನಡೆದಿದೆ? ಅಮೆರಿಕದ ಆರೋಗ್ಯ ವ್ಯವಸ್ಥೆ ನಮಗೆ ಮಾದರಿಯೇನಲ್ಲ. ಅಲ್ಲಿಯ ಆಸ್ಪತ್ರೆ ಬಿಲ್ಲಿನ ಕಥೆಗಳನ್ನು ಅಲ್ಲಿರುವ ನಿಮ್ಮ ಮಕ್ಕಳೇ ಹೇಳಿರುತ್ತಾರೆ. ಆದರೂ ಅಲ್ಲಿಯ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್, 2024ರ ಜನವರಿ 1ರಿಂದ, ವೈದ್ಯರ ಮೇಲ್ವಿಚಾರಣೆಯಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತರು ಮಾಡುವ ಸೇವೆಗೆ ಪ್ರತ್ಯೇಕವಾಗಿ ಹಣ ಕೊಡತೊಡಗಿತು. ಕ್ಯಾಲಿಫೋರ್ನಿಯಾದ ಬಡವರ ವಿಮೆ 2022ರಲ್ಲಿಯೇ ಹಾಗೆ ಮಾಡಿತ್ತು. ಬ್ರೆಜಿಲ್‌ನ ದಾರಿ ಬೇರೆ: ಅಲ್ಲಿ ಈ ಕಾರ್ಯಕರ್ತರು ಸಂಬಳದ ನೌಕರರು. 2022ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು, ಅವರ ಸಂಬಳ ಕನಿಷ್ಠ ವೇತನದ ಎರಡು ಪಟ್ಟಿಗಿಂತ ಕಡಿಮೆಯಿರಬಾರದೆಂದು ಬರೆದರು.

ನಮ್ಮಲ್ಲಿ ಅದೇ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. 2024ರ ಫೆಬ್ರವರಿಯ ಮಧ್ಯಂತರ ಬಜೆಟ್ಟಿನಲ್ಲಿ ಎಲ್ಲ ಆಶಾ ಮತ್ತು ಅಂಗನವಾಡಿಯವರಿಗೆ ಆಯುಷ್ಮಾನ್ ಕಾರ್ಡ್ ಕೊಡುವುದಾಗಿ ಘೋಷಣೆಯಾಯಿತು. ಒಳ್ಳೆಯದೇ. ಇದರಲ್ಲಿರುವ ವಿಪರ್ಯಾಸವನ್ನು ಮಾತ್ರ ಯಾರೂ ಆಡಿದಂತಿಲ್ಲ: ಆಕೆ ದುಡಿದು ದಣಿದು ಹಾಸಿಗೆ ಹಿಡಿದರೆ ವಿಮೆ ದುಡ್ಡು ಕೊಡುತ್ತದೆ, ಆಕೆಯ ದುಡಿಮೆಗೆ ಕೊಡುವುದಿಲ್ಲ! 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕುಳಿತರು. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಸಿಗುವಂತೆ ಮಾಡುವ ಭರವಸೆ ಪಡೆದು ಊರಿಗೆ ಮರಳಿದರು. ಅವರ ಇನ್ನೊಂದು ಹಳೆಯ ದೂರು, ಮಾಡಿದ ಕೆಲಸ ಪೋರ್ಟಲಿನಲ್ಲಿ ಕಾಣದಿದ್ದರೆ ಹಣವೂ ಕಾಣುವುದಿಲ್ಲ ಎಂಬುದು.

ಆದ್ದರಿಂದಲೇ, ಆಶಾ ಸೇವೆಯನ್ನು ಪೂರ್ತಿ ವಿಮೆಗೆ ಕಟ್ಟಿಹಾಕಿರೆಂದು ನಾನು ಹೇಳಲಾರೆ. ಒಂದೊಂದು ಭೇಟಿಗೂ ಕ್ಲೇಮು, ಫೋಟೋ, ಬೆರಳಚ್ಚು, ಒಪ್ಪಿಗೆ ಎಂದಾದರೆ ಬೇಲೆಕೇರಿಯಲ್ಲಿ ಮಳೆಗಾಲದ ನೆಟ್‌ವರ್ಕಿನಲ್ಲಿ ಆಕೆ ರೋಗಿಯ ಮುಖ ನೋಡುವ ಬದಲು ಮೊಬೈಲಿನ ಮುಖ ನೋಡುತ್ತ ಕೂರಬೇಕಾದೀತು. ಹೋಗದ ಮನೆಗೆ ಹೋದೆನೆಂದು ಬರೆಯುವ ಆಸೆಯೂ ಹುಟ್ಟೀತು. ಈ ಆಸೆ ಆಸ್ಪತ್ರೆಗಳಿಗೂ ಹುಟ್ಟುತ್ತದೆ, ಬಡ ಹೆಂಗಸರನ್ನು ಮಾತ್ರ ಅನುಮಾನಿಸುವುದು ಬೇಡ. ನನ್ನ ಅಭಿಪ್ರಾಯದಲ್ಲಿ ಅಡಿಪಾಯ ಸಂಬಳವೇ ಆಗಿರಬೇಕು, ಅದನ್ನು ಸರ್ಕಾರವೇ ಕೊಡಬೇಕು.

ವಿಮೆಯ ಪಾಲು ಬೇರೆ ಕಡೆ ಇದೆ. ಆಯುಷ್ಮಾನ್ ಪ್ಯಾಕೇಜಿನ ನಿಯಮದಲ್ಲಿಯೇ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ 15 ದಿನಗಳ ತಪಾಸಣೆ, ಔಷಧಿ ಸೇರಿವೆ. ಆ 15 ದಿನಗಳಲ್ಲಿ ರೋಗಿಯ ಮನೆಗೆ ಹೋಗುವವರು ಯಾರು? ಉಡುಪಿಯಿಂದಲೋ ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ವೈದ್ಯರು ಬರುವುದಿಲ್ಲ. ಪಾರ್ಶ್ವವಾಯು, ಹೃದಯಾಘಾತ, ಕಡಿಮೆ ತೂಕದ ಶಿಶು, ಸಿಸೇರಿಯನ್ ಆದ ಬಾಣಂತಿ, ಸೊಂಟದ ಮೂಳೆ ಮುರಿದ ಅಜ್ಜಿ, ಇವರೆಲ್ಲರ ಬಿಡುಗಡೆ ಚೀಟಿಯ ಪ್ರತಿಯೊಂದು ಊರಿನ ಆಶಾ ಕೈಗೆ ಬರಬೇಕು. ಅವರ ಮನೆಗೆ ಇಂತಿಷ್ಟು ಭೇಟಿ ಎಂದು ಪ್ಯಾಕೇಜಿನಲ್ಲಿಯೇ ಬರೆದು, ಆ ಹಣವನ್ನು ವಿಮೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಕೆಯ ಖಾತೆಗೆ ಹಾಕಬೇಕು. ರೋಗಿ ಬದುಕಲಿ, ಬಿಡಲಿ, ಭೇಟಿಗೆ ಹಣ ಸಿಗಬೇಕು. ಮತ್ತೆ ದಾಖಲಾಗುವುದು ಹತ್ತರಲ್ಲಿ ಒಂದು ತಪ್ಪಿದರೂ ಟ್ರಸ್ಟಿಗೆ ನಷ್ಟವಾಗಲಾರದೆಂದು ನನ್ನ ಅಂದಾಜು. 2024ರಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡುವ ದಾರಿಯನ್ನು ತೆರೆದಿದೆ. ಮನೆಗೆ ಹೋಗುವುದೂ ಚಿಕಿತ್ಸೆಯೇ ಎಂದು ಸರ್ಕಾರ ಅಷ್ಟರ ಮಟ್ಟಿಗೆ ಒಪ್ಪಿದಂತಾಯಿತು.

ನನ್ನ ವೃತ್ತಿಬಾಂಧವರಲ್ಲಿ ಕೆಲವರಿಗೆ ಇದು ರುಚಿಸುವುದಿಲ್ಲ. "ಹಣ ಕೊಟ್ಟರೆ ನಾಳೆ ಇವರೇ ಡಾಕ್ಟರಾಗುತ್ತಾರೆ" ಎಂಬ ಭಯ. ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಊರಿನ ಯಾವ ಆಶಾ ಕೂಡ ಇಂಜೆಕ್ಷನ್ ಚುಚ್ಚಿದ್ದನ್ನು ನಾನು ಕಂಡಿಲ್ಲ. ಅವರು ತಂದು ಬಿಟ್ಟ ರೋಗಿಗಳನ್ನು ಕಂಡಿದ್ದೇನೆ. ಕೆಮ್ಮು ಮೂರು ವಾರವಾದರೂ ಮುಚ್ಚಿಟ್ಟುಕೊಂಡಿದ್ದ ಯುವಕನ ಕಫ ಪರೀಕ್ಷೆ ಮಾಡಿಸಿದ್ದು ನಾನಲ್ಲ, ಅವರು.

ಸರ್ಕಾರ ಮಾಡುವುದು ಮಾಡಲಿ. ಅಲ್ಲಿಯವರೆಗೆ ಓದುಗರಾದ ನೀವು ಮಾಡಬಹುದಾದದ್ದೂ ಇದೆ. ನಿಮ್ಮ ಮನೆಯ ಹಿರಿಯರು ಆಸ್ಪತ್ರೆಯಿಂದ ಬಂದ ದಿನವೇ ಬಿಡುಗಡೆ ಚೀಟಿಯನ್ನು ಆಶಾ ಕಾರ್ಯಕರ್ತೆಗೆ ತೋರಿಸಿ. ರಕ್ತದೊತ್ತಡದ ಗುಳಿಗೆ ಮುಗಿಯುವ ವಾರ ಮೊದಲೇ ಅವರಿಗೆ ತಿಳಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತವಾಗಿ ಸಿಗುತ್ತದೆ. ತಲೆನೋವಿಲ್ಲವೆಂದು ಗುಳಿಗೆ ಬಿಡಬೇಡಿ. ಮುಖ ಒಂದು ಕಡೆ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿಗೆ ಅದನ್ನು ಕರಗಿಸುವ ಔಷಧಿಗೆ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ. ನಮ್ಮ ಜಿಲ್ಲೆಯ ದೂರಗಳನ್ನು ನೆನೆದರೆ ಅದು ಬಹಳ ಕಡಿಮೆ.

ಆ ಮೀನುಗಾರರು ಈಗ ಅಂಗಳದ ಮೂಲೆಯಲ್ಲಿ ಮಡಚುವ ಕುರ್ಚಿಯ ಮೇಲೆ ಕುಳಿತಿರುತ್ತಾರೆ. ಬಲಗಾಲು ಸ್ವಲ್ಪ ಬಂದಿದೆ, ಬಲಗೈ ಬಂದಿಲ್ಲ. ಮಲಗಿದ್ದ ಕಾಲದಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಅವರ ಹೆಂಡತಿಗೆ ಕಲಿಸಿದವರು ಅದೇ ಆಶಾ ಕಾರ್ಯಕರ್ತೆ, ಬೆನ್ನಿಗೆ ಹುಣ್ಣಾಗಲಿಲ್ಲ. ಅದನ್ನು ಬರೆದುಕೊಳ್ಳಲು ಅವರ ದಪ್ಪ ದಿನಚರಿ ಪುಸ್ತಕದಲ್ಲಿ ಯಾವ ಕಾಲಂ ಇದೆಯೆಂದು ಒಮ್ಮೆ ಕೇಳಿದೆ. ಪುಟ ತಿರುವಿ ನೋಡಿದರು. "ಇಲ್ಲ ಡಾಕ್ಟ್ರೇ, 'ಇತರೆ' ಅಂತ ಹಾಕ್ತೇನೆ" ಎಂದರು. ಈಗ ತಿಂಗಳಿಗೊಮ್ಮೆ ಆ ಮನೆಗೆ ನಾನೂ ಹೋಗುತ್ತೇನೆ.